ತೊಗರಿಬ್ಯಾಳಿ ಪ್ಯಾಕೆಟ್ ಇಟ್ಟು ಗಾಳಿ ಒತ್ತಡ ಅಳೆಯೋದು ಹೆಂಗ?

ಒತ್ತಡ ಡಬಲ್ ಆದ್ರ ಗ್ಯಾಸಿನ ಗಾತ್ರ ಅರ್ಧ ಆಗ್ತದ ಅಂತ ಪಿಯುಸಿ ಸೈನ್ಸ್ ಹುಡುಗ್ರಿಗೆಲ್ಲ ಬಾಯಿಪಾಠ ಇರ್ತದ, ಆದ್ರ ಕೈಲಿ ಮಾಡಿ ನೋಡಿದವ್ರು ಭಾಳ ಕಮ್ಮಿ. ನಮ್ಮ ಕಲಬುರಗಿ ಮನಿಗಳಾಗ ಒಂದೊಂದು ಕಿಲೋದ ತೊಗರಿಬ್ಯಾಳಿ ಪ್ಯಾಕೆಟಿಗೇನು ಬರ ಇಲ್ಲ, ಅವೇ ಸಾಕು.

ಮೆಡಿಕಲ್ ಅಂಗಡ್ಯಾಗ 10 ಎಂಎಲ್‌ದ ಹೊಸ ಸಿರಿಂಜ್ ತಗೊಳ್ರಿ, ದವಾಖಾನ್ಯಾಗ ಬಳಸಿದ್ದು ಬ್ಯಾಡೇ ಬ್ಯಾಡ. ಸೂಜಿ ತೆಗದು, ಪಿಸ್ಟನ್ 10ರ ಗೆರಿತನಕ ಎಳದು, ತುದಿಗೆ ಎಂ-ಸೀಲ್ ಮೆತ್ತಿ ರಾತ್ರಿಯಿಡೀ ಒಣಗಾಕ ಬಿಡ್ರಿ. ಒಂದು ಕಟ್ಟಿಗಿ ತುಂಡಿಗೆ ತೂತು ಹಾಕಿ ಸಿರಿಂಜ್ ನೆಟ್ಟಗ ನಿಲ್ಲಿಸಿ, ಮ್ಯಾಲ ಸಣ್ಣ ತಾಟು ಇಟ್ಟು ಒಬ್ರು ಹಿಡ್ಕೊಳ್ರಿ.

ಈಗ ಒಂದು ಪ್ಯಾಕೆಟ್ ಇಡ್ರಿ. ರಬ್ಬರ್ ಗೋಡಿಗೆ ಅಂಟ್ಕೊಂಡು ಪಿಸ್ಟನ್ ನಡಕ ನಿಂತುಬಿಡ್ತದ, ಅದಕ್ಕ ಒಮ್ಮೆ ಸ್ವಲ್ಪ ಕೆಳಗ ಒತ್ತಿ ಬಿಟ್ಟು ರೀಡಿಂಗ್ ಬರ್ಕೊಳ್ರಿ, ಒಮ್ಮೆ ಸ್ವಲ್ಪ ಮ್ಯಾಲ ಎತ್ತಿ ಬಿಟ್ಟು ಬರ್ಕೊಳ್ರಿ, ಎರಡರ ಸರಾಸರಿ ಹಿಡೀರಿ. ಸಿರಿಂಜಿನ ಒಳಗಿನ ಬಾಯಿಯ ಕ್ಷೇತ್ರಫಲ ಸುಮಾರು 2 ಚದರ ಸೆಂಮೀ ಇದ್ರ 1 ಕಿಲೋಕ್ಕ 6.7, 2 ಕಿಲೋಕ್ಕ 5, 3 ಕಿಲೋಕ್ಕ 4 ಎಂಎಲ್ ಹತ್ರ ಬರ್ತದ. ಅದಕ್ಕಿಂತ ಜಾಸ್ತಿ ಬ್ಯಾಡ, ಉರುಳಿ ಬೀಳ್ತದ.

ಇಲ್ಲೇ ಎಲ್ಲರೂ ಎಡವ್ತಾರ ನೋಡ್ರಿ. 1 ಕಿಲೋ ಹೋಗಿ 2 ಕಿಲೋ ಆಯ್ತು, ತೂಕ ಡಬಲ್, ಆದ್ರ 6.7ರ ಅರ್ಧ 5 ಅಲ್ಲಲ್ಲ! ನಿಯಮ ಸುಳ್ಳಲ್ಲ, ಹೊರಗಿನ ಹವೆ ಲೆಕ್ಕಕ್ಕ ಬಂದಿಲ್ಲ ಅಷ್ಟೇ, ಅದು ಮೊದಲಿನಿಂದನೂ ಪಿಸ್ಟನ್ ಮ್ಯಾಲ ಕುಂತದ. ನಮ್ಮೂರು ಸಮುದ್ರಮಟ್ಟಕ್ಕಿಂತ ಸುಮಾರು 450 ಮೀಟರ್ ಮ್ಯಾಲ ಇದ್ರೂ ಹವೆ ಒಂದೊಂದು ಚದರ ಸೆಂಮೀಗೆ 1 ಕಿಲೋ ಹತ್ರ ಒತ್ತುತದ, ಅಂದ್ರ ನಮ್ಮ ಸಿರಿಂಜಿನ ಮ್ಯಾಲ ಸುಮಾರು 2 ಕಿಲೋ. ಅದನ್ನ ಕೂಡಿಸಿ ಗುಣಿಸ್ರಿ: 2×10, 3×6.7, 4×5, 5×4, ಎಲ್ಲಾ ಕಡಿ 20ರ ಆಸುಪಾಸು! 1662ರಾಗ ವಿಜ್ಞಾನಿ ರಾಬರ್ಟ್ ಬಾಯ್ಲ್ ಬಾಗಿದ ಗಾಜಿನ ನಳಿಗ್ಯಾಗ ಪಾದರಸ ಸುರಿದು ತೋರಿಸಿದ್ದೂ ಇದೇ, ಅವ್ನೂ ಪಾದರಸದ ಎತ್ತರಕ್ಕ ಹವೆಯ ಪಾಲು ಅಂತ 29 ಇಂಚು ಚಿಲ್ಲರೆ ಕೂಡಿಸೇ ಲೆಕ್ಕ ಹಾಕಿದ್ದ.

ಹಿಂಗ್ಯಾಕ ಅಂದ್ರ, ಗಾಳಿ ಕಣಗಳು ಅಷ್ಟೇ ಇದ್ದು ಜಾಗ ಅರ್ಧ ಆದ್ರ ಅವು ಗೋಡಿಗೆ ಬಡಿಯೋದು ಡಬಲ್ ಆಗ್ತದ. ಆದ್ರ ಬಿಸಿ ಬದಲಾಗಬಾರ್ದು. ಒಮ್ಮೆಲೇ ಒತ್ತಿದ್ರ ಗಾಳಿ ಕಾಯ್ತದ, ಅದಕ್ಕ ನಿಧಾನಕ್ಕ ಇಡ್ರಿ, ಮೇ ತಿಂಗಳ ಬಿಸಲಾಗ ಅಂಗಳದಾಗ ಕುಂತು ಮಾಡಬ್ಯಾಡ್ರಿ.

ನನಗಂತೂ ಇದ್ರಾಗ ಭಾಳ ಸೇರೋದು ಗ್ರಾಫ್. ಅಡ್ಡಕ್ಕ ತೂಕ, ಉದ್ದಕ್ಕ 1 ಭಾಗಿಸು ಗಾತ್ರ ಹಾಕ್ರಿ, ಚುಕ್ಕಿ ಎಲ್ಲಾ ಸೀದಾ ಗೆರಿ ಮ್ಯಾಲ ಕುಂದರ್ತಾವ. ಆ ಗೆರಿನ ಹಿಂದಕ್ಕ ಎಳದ್ರ ಸೊನ್ನಿ ದಾಟಿ ಮೈನಸ್ 2ರ ಹತ್ರ ಅಡ್ಡಗೆರಿಗೆ ಮುಟ್ಟತದ. ಸಿರಿಂಜ್ ಅಳತಿ ಬ್ಯಾರೆ ಇದ್ರ 1.7, 1.8 ಅಂತನೂ ಬರಬಹುದು, ಅಡ್ಡಿಯಿಲ್ಲ. ನಿಮ್ಮ ಪಿಸ್ಟನ್ ಮ್ಯಾಲ ಕುಂತ ಹವೆಯ ತೂಕ ಅದೇ.