ಹೆಸರಿಗಿಂತ ಮೊದಲು ಹಡಗು ಹುಡುಕಿ

ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಕಡೆಯವರನ್ನು ಮದುವೆಯಾಗಿ ಮಕ್ಕಳಿಗಾಗಿ ವಂಶವೃಕ್ಷ ಬರೆಯುತ್ತಿರುವವರಿಗೆ ಒಂದು ಮಾತು. ಹಿಂದೆ ಬ್ರಿಟನ್, ಐರ್ಲೆಂಡ್ ಕಡೆಯಿಂದ ಗಡೀಪಾರು ಶಿಕ್ಷೆಯಲ್ಲಿ ಕೈದಿಯಾಗಿ ಅಲ್ಲಿಗೆ ಬಂದ ಹಿರಿಯಜ್ಜಿಯ ಸುಳಿವು ಸಿಕ್ಕರೆ, ಮೊದಲು ಆಕೆ ಬಂದ ಹಡಗು ಯಾವುದೆಂದು ಗೊತ್ತುಮಾಡಿಕೊಳ್ಳಿ. ಮೇರಿ, ಆನ್, ಎಲಿಜಬೆತ್ ಎಂಬ ಹೆಸರುಗಳು ಲೆಕ್ಕವಿಲ್ಲದಷ್ಟಿವೆ. ಆ ಕಾಲದ ಗುಮಾಸ್ತರೂ ಹೆಸರಿನ ಜೊತೆ ಹಡಗನ್ನು ಬರೆದೇ ಗುರುತಿಸುತ್ತಿದ್ದರು.

ಅಲ್ಲಿನ ಸರ್ಕಾರಿ ಗ್ರಂಥಾಲಯ ಸಂಸ್ಥೆ ಲೈಬ್ರರೀಸ್ ಟಾಸ್ಮೇನಿಯಾದ ಆನ್‌ಲೈನ್ ಹೆಸರುಪಟ್ಟಿ ನೇಮ್ಸ್ ಇಂಡೆಕ್ಸ್‌ನಲ್ಲಿ ಹುಡುಕಲು ದುಡ್ಡು ಕೊಡಬೇಕಿಲ್ಲ. ಅಲ್ಲಿ ಕಂಡಕ್ಟ್ ರೆಕಾರ್ಡ್, ಅಂದರೆ ಕೈದಿಯ ನಡತೆಯ ದಾಖಲೆ ತೆರೆಯಿರಿ: ಅಪರಾಧ, ಶಿಕ್ಷೆಯ ಅವಧಿ, ಟಾಸ್ಮೇನಿಯಾಕ್ಕೆ ಬಂದಮೇಲೆ ಸಿಕ್ಕ ದಂಡನೆ ಎಲ್ಲ ಸಾಮಾನ್ಯವಾಗಿ ಒಂದೇ ಕಡೆ ಇರುತ್ತದೆ. ಕೈದಿಯ ಚಹರೆ ಬರೆದಿಡುತ್ತಿದ್ದ ಡಿಸ್ಕ್ರಿಪ್ಷನ್ ಲಿಸ್ಟ್ ಮಾತ್ರ ಬಿಡಬೇಡಿ. ಎತ್ತರ, ಕಣ್ಣಿನ ಬಣ್ಣ, ಮುಖದ ಮೇಲಿನ ಕಲೆ... ಫೋಟೊ ಇಲ್ಲದ ಆ ಅಜ್ಜಿ ಮೊದಲ ಸಲ ಕಣ್ಣಮುಂದೆ ಬರುವುದು ಅಲ್ಲೇ. ನನಗಂತೂ ಓದುತ್ತಾ ಗಂಟಲು ಕಟ್ಟಿತು.

ಮದುವೆಯಾದ ಮೇಲೂ ಸರ್ಕಾರಿ ಕಡತದಲ್ಲಿ ಹಳೆಯ ಹೆಸರೇ ಮುಂದುವರಿದಿರಬಹುದು, ಎರಡೂ ಹೆಸರಿನಲ್ಲಿ ಹುಡುಕಿ. ಕೈದಿಗಳು ಮದುವೆಗೆ ಸರ್ಕಾರದ ಅನುಮತಿ ಕೇಳಿದ ದಾಖಲೆಗಳೂ ಇವೆ. ಜೊತೆಗೆ ಮಗುವಿದ್ದರೆ ಟಾಸ್ಮೇನಿಯಾದ ರಾಜಧಾನಿ ಹೋಬಾರ್ಟ್ ಬಳಿಯ ನ್ಯೂ ಟೌನ್ ಅನಾಥಾಲಯದ ದಾಖಲಾತಿ ನೋಡಿ. ತಾಯಿ ಬದುಕಿದ್ದರೂ ಮಕ್ಕಳನ್ನು ಅಲ್ಲಿಗೆ ಸೇರಿಸುತ್ತಿದ್ದರು.

ಲಂಡನ್ನಿನಲ್ಲಿ ವಿಚಾರಣೆ ನಡೆದಿದ್ದರೆ ಅಲ್ಲಿನ ಅಪರಾಧ ನ್ಯಾಯಾಲಯ ಓಲ್ಡ್ ಬೈಲಿಯ 1674ರಿಂದ 1913ರವರೆಗಿನ ವರದಿಗಳು ಆನ್‌ಲೈನ್‌ನಲ್ಲಿವೆ. ಕೆಲವೊಮ್ಮೆ ಆಕೆ ನ್ಯಾಯಾಲಯದಲ್ಲಿ ಆಡಿದ ಮಾತೂ ಸಿಗುತ್ತದೆ.