ಬಾವಿ ಪಂಪಿನ ಕೇಬಲ್ ಜಾಯಿಂಟ್: ನೀರು ಹೊಗದ ಹಾಗೆ ಮಾಡುವುದು ಹೇಗೆ

ಪಂಪ್ ನಿಂತಿತು ಅಂದರೆ ನಾವೆಲ್ಲ ಮೊದಲು ಬೈಯುವುದು ಮೋಟಾರಿಗೆ. ಮಾಜಾಳಿಯಿಂದ ಭಟ್ಕಳದವರೆಗೆ ಎಲ್ಲಿ ಕೇಳಿದರೂ ಇದೇ ಕಥೆ, ಶಿರಸಿ ಕಡೆಯ ತೋಟದವರದ್ದೂ ಇದೇ. ಆದರೆ ಎಷ್ಟೋ ಸಲ ಮೋಟಾರ್ ಸರಿ ಇರುತ್ತದೆ, ಕೇಬಲ್ಲೂ ಸರಿ ಇರುತ್ತದೆ, ನೀರು ಹೊಕ್ಕಿರುವುದು ಮಧ್ಯದ ಜಾಯಿಂಟಿಗೆ. ಅದನ್ನು ಸುತ್ತಿರುವುದು ಹತ್ತು ರೂಪಾಯಿಯ ಕಪ್ಪು ಟೇಪ್. ಮತ್ತೇನಾಗಬೇಕು ಹೇಳಿ?

ಆ ಟೇಪ್ ಪಿವಿಸಿಯದ್ದು. ಪಿವಿಸಿ ಮೂಲತಃ ಗಟ್ಟಿ ವಸ್ತು, ಎಣ್ಣೆಯಂಥ ಪ್ಲಾಸ್ಟಿಸೈಜರ್ ಸೇರಿಸಿ ಅದನ್ನು ಮೆತ್ತಗೆ ಮಾಡಿರುತ್ತಾರೆ. ವರ್ಷ ಕಳೆದಂತೆ ಆ ಎಣ್ಣೆ ಹೊರಗೆ ಬರುತ್ತದೆ, ಅಂಟು ಜಾರುತ್ತದೆ, ಸುತ್ತುಗಳ ಸಂದಿಯಲ್ಲಿ ನೀರು ಇಳಿಯುತ್ತದೆ. ಒಮ್ಮೆ ತಾಮ್ರದ ಎಳೆಗಳಿಗೆ ನೀರು ಮುಟ್ಟಿತೋ, ಎಳೆಗಳ ನಡುವೆಯೇ ಹೀರಿಕೊಂಡು ದೂರದವರೆಗೆ ಹೋಗುತ್ತದೆ. ಸಿಪ್ಪೆ ಬಿಚ್ಚಿದಾಗ ತಾಮ್ರ ಕಪ್ಪಗೋ ಹಸಿರಾಗೋ ಕಂಡರೆ ಅಷ್ಟು ಭಾಗ ಕತ್ತರಿಸಿ ಬಿಸಾಡಿ, ಹೊಳೆಯುವ ತಾಮ್ರ ಸಿಗುವವರೆಗೆ ಹಿಂದೆ ಹೋಗಿ.

ಕೆಲಸಕ್ಕೆ ಮುಂಚೆ ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಕೊಳ್ಳಬೇಕಾದ್ದು ಮೂರು: ತಾಮ್ರದ ಕ್ರಿಂಪ್ ಫೆರೂಲ್ (ಎರಡು ತಂತಿಯ ತುದಿ ತೂರಿಸಿ ಒತ್ತಿ ಸೇರಿಸುವ ಸಣ್ಣ ಕೊಳವೆ), ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಕೊಳವೆ), ಮತ್ತೆ ಸೆಲ್ಫ್ ಅಮಾಲ್ಗಮೇಟಿಂಗ್ ರಬ್ಬರ್ ಟೇಪ್. ಟ್ಯೂಬ್ ಕೊಳ್ಳುವಾಗ ಅಂಟು ಇದೆಯಾ ಅಂತ ಒಳಗೆ ಇಣುಕಿ ನೋಡಿ. ಅಂಟಿಲ್ಲದ್ದು ಒಳಾಂಗಣದ ವೈರಿಂಗಿಗೆ ಸಾಕು, ಬಾವಿಗೆ ಬೇಡ.

ಕೇಬಲ್ಲಿನ ಒಳಗಿನ ಮೂರು ತಂತಿಗಳನ್ನು, ಅಂದರೆ ಕೋರ್‌ಗಳನ್ನು, ಒಂದೇ ಜಾಗದಲ್ಲಿ ಸೇರಿಸಬೇಡಿ. ಮೆಟ್ಟಿಲಿನ ಹಾಗೆ ಹಿಂದೆ ಮುಂದೆ ಮಾಡಿ ಕತ್ತರಿಸಿ, ಆಗ ಒಂದರ ಜಾಯಿಂಟ್ ಇನ್ನೊಂದರ ಪಕ್ಕಕ್ಕೆ ಬರುವುದಿಲ್ಲ, ದಪ್ಪವೂ ಕಡಿಮೆ. ಕ್ರಿಂಪ್ ಮಾಡುವ ಮೊದಲೇ ಟ್ಯೂಬ್‌ಗಳನ್ನು ಕೇಬಲ್ಲಿಗೆ ಪೋಣಿಸಿರಬೇಕು. ಆಮೇಲೆ ನೆನಪಾದರೆ ಪೂರ್ತಿ ಬಿಚ್ಚಬೇಕಾಗುತ್ತದೆ. ಜಾಯಿಂಟಿನ ಎರಡೂ ಕಡೆ ಕೋರಿನ ಮತ್ತು ಹೊರಗಿನ ಸಿಪ್ಪೆಯನ್ನು ಮರಳು ಕಾಗದದಿಂದ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಒಣಗಲು ಬಿಡಿ. ಕಾರವಾರದಂಥ ಊರಿನಲ್ಲಿ ಕೈ ಮುಟ್ಟಿದ್ದಕ್ಕೆಲ್ಲ ಉಪ್ಪು, ಬೆವರು ಹತ್ತುತ್ತದಲ್ವಾ, ಆದ್ದರಿಂದ ಒರೆಸಿದ ಜಾಗಕ್ಕೆ ಮತ್ತೆ ಬೆರಳು ಹಾಕಬೇಡಿ.

ರಬ್ಬರ್ ಟೇಪಿಗೆ ಅಂಟೇ ಇಲ್ಲ. ಎಳೆದು ಸುತ್ತಿದಾಗ ಅದು ತನ್ನ ಮೇಲೆ ತಾನೇ ಬೆಸೆದುಕೊಂಡು ಒಂದೇ ಮುದ್ದೆಯಾಗುತ್ತದೆ, ಎಳೆಯದೆ ಸುತ್ತಿದರೆ ಆಗುವುದಿಲ್ಲ. ಅಗಲ ಎದ್ದು ಕಾಣುವಷ್ಟು ಕಿರಿದಾಗುವ ತನಕ ಎಳೆಯಿರಿ, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಲಿ. ಅದರ ಮೇಲೆ ಹೀಟ್ ಶ್ರಿಂಕ್. ಈ ಟ್ಯೂಬ್ ಸಾಮಾನ್ಯವಾಗಿ ಪಾಲಿಎಥಿಲೀನ್. ಕಾರ್ಖಾನೆಯಲ್ಲಿ ಅದರ ಅಣುಗಳ ಸರಪಣಿಗಳನ್ನು ಒಂದಕ್ಕೊಂದು ಬೆಸೆದು, ಬಿಸಿಯಲ್ಲಿ ಹಿಗ್ಗಿಸಿ, ಹಾಗೇ ತಣಿಸಿರುತ್ತಾರೆ. ಮತ್ತೆ ಬಿಸಿ ತಾಗಿದರೆ ಹಳೆಯ ಅಳತೆಗೆ ಕುಗ್ಗುತ್ತದೆ. ಬಿಸಿಯನ್ನು ನಡುವಿನಿಂದ ತುದಿಗಳ ಕಡೆಗೆ ಕೊಡಿ, ಇಲ್ಲದಿದ್ದರೆ ಗಾಳಿ ಒಳಗೇ ಉಳಿಯುತ್ತದೆ. ಎರಡೂ ತುದಿಯಲ್ಲಿ ಅಂಟು ಸುತ್ತಲೂ ಜಿನುಗಿ ಹೊರಬಂದರೆ ಕೆಲಸ ಆಯಿತು ಅಂತ ಅರ್ಥ. ಕೋರ್ ಒಂದೊಂದಕ್ಕೂ ಬೇರೆ ಟ್ಯೂಬ್, ಮೇಲೆ ಎಲ್ಲಕ್ಕೂ ಸೇರಿ ದೊಡ್ಡದೊಂದು. ಪೂರ್ತಿ ತಣಿಯುವ ತನಕ ಬಗ್ಗಿಸಬೇಡಿ.

ಈಗ ಯಾರೂ ಮಾಡದ ಕೆಲಸ. ಜಾಯಿಂಟನ್ನು ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಮುಳುಗಿಸಿಡಿ, ಕೇಬಲಿನ ತುದಿ ಮಾತ್ರ ಒಣಗಿರಲಿ. ಬೆಳಿಗ್ಗೆ ರಿವೈಂಡಿಂಗ್ ಅಂಗಡಿಯವರ ಹತ್ತಿರ 500 ವೋಲ್ಟಿನ ಮೆಗ್ಗರ್ (ಸಿಪ್ಪೆಯಿಂದ ಕರೆಂಟ್ ಸೋರುತ್ತದೆಯಾ ಅಂತ ಅಳೆಯುವ ಮೀಟರ್) ತರಿಸಿ, ಸ್ಟಾರ್ಟರಿನಿಂದ ಬಿಚ್ಚಿದ ಕೋರ್ ಮತ್ತು ಬಕೆಟ್ಟಿಗೆ ಇಳಿಬಿಟ್ಟ ಬರಿ ತಾಮ್ರದ ತಂತಿಯ ನಡುವೆ ನೋಡಿಸಿ. ಹೊಸ ಜಾಯಿಂಟ್ ಅಂದ ಮೇಲೆ ನೂರಾರು ಮೆಗಾ ಓಮ್ ತೋರಿಸಬೇಕು. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಬಾವಿಗೆ ಇಳಿಸಲೇ ಬೇಡಿ.

ಬಾವಿಯಿಂದ ಮನೆಯವರೆಗಿನ ಕೇಬಲ್ ಬಿಸಿಲಿಗೆ ಬೀಳುತ್ತಿದ್ದರೆ ಕಪ್ಪು ಹೊದಿಕೆಯ ಎಕ್ಸ್‌ಎಲ್‌ಪಿಇ (ಸರಪಣಿ ಬೆಸೆದ ಪಾಲಿಎಥಿಲೀನ್) ಕೇಬಲ್ ಒಳ್ಳೆಯದು. ಸಾಮಾನ್ಯ ಪಿವಿಸಿ ಇನ್ಸುಲೇಶನ್ 70 ಡಿಗ್ರಿ ಸೆಲ್ಸಿಯಸ್‌ವರೆಗೆ, ಇದು 90 ಡಿಗ್ರಿವರೆಗೆ ತಡೆಯುತ್ತದೆ. ಹೊದಿಕೆಗೆ ಸೇರಿಸಿದ ಕಾರ್ಬನ್ ಬ್ಲ್ಯಾಕ್ ಬಿಸಿಲಿನ ಹೊಡೆತ ತಾಳುತ್ತದೆ. ಕಡಲಿಗೆ ತೀರಾ ಹತ್ತಿರದವರು ತವರ ಲೇಪಿಸಿದ ತಾಮ್ರದ ಕೇಬಲ್ ಕೇಳಿ, ಸೋಲಾರ್ ಅಂಗಡಿಗಳಲ್ಲಿ ಸಿಗುತ್ತದೆ, ರೇಟು ಜಾಸ್ತಿ. ತೋಟದ ಸೊಪ್ಪಿನಡಿ ಸುಮ್ನೆ ಬಿಟ್ಟರೆ ಯಾವ ಕೇಬಲ್ಲನ್ನೂ ಇಲಿ ಬಿಡುವುದಿಲ್ಲ, ಪೈಪಿನೊಳಗೆ ಹಾಕಿ.

ಇನ್ನೊಂದು. ಸಿಂಗಲ್ ಫೇಸ್ ಪಂಪ್ ಗುಂಯ್ ಅಂದು ತಿರುಗದಿದ್ದರೆ ಮೇಲೆತ್ತುವ ಮುಂಚೆ ಸ್ಟಾರ್ಟರ್ ಪೆಟ್ಟಿಗೆಯ ಕೆಪಾಸಿಟರ್ ನೋಡಿ. ಮೋಟಾರ್ ಓಡುವಾಗಲೂ ಸರ್ಕ್ಯೂಟಿನಲ್ಲೇ ಇರುವ ರನ್ ಕೆಪಾಸಿಟರ್ ಒಳಗಿರುವುದು ಲೋಹ ಲೇಪಿಸಿದ ತೆಳು ಪಾಲಿಪ್ರೊಪಿಲೀನ್ ಹಾಳೆ. ಎಲ್ಲಾದರೂ ಸಣ್ಣ ತೂತು ಬಿದ್ದರೆ ಸುತ್ತಲಿನ ಲೋಹ ಆವಿಯಾಗಿ ತಾನೇ ಸರಿಯಾಗುತ್ತದೆ, ಆದರೆ ಪ್ರತಿ ಸಲ ಒಂಚೂರು ಶಕ್ತಿ ಕಡಿಮೆಯಾಗುತ್ತದೆ. ತೇವ ಒಳ ಹೊಕ್ಕರೆ ಲೋಹದ ಲೇಪವನ್ನೇ ತಿನ್ನುತ್ತದೆ. ಮೀಟರಿನಲ್ಲಿ ಮೈಕ್ರೋಫ್ಯಾರಡ್ ಅಳೆಯಿರಿ, ಮೇಲೆ ಬರೆದಿರುವುದಕ್ಕಿಂತ ತುಂಬಾ ಕಡಿಮೆ ಇದ್ದರೆ ಬದಲಾಯಿಸಿ. ಕರೆಂಟ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ, ಡಿಸ್ಚಾರ್ಜ್ ಮಾಡದೆ ಕೈ ಹಾಕಬೇಡಿ.

ಪಂಪ್ ಇಳಿಸುವಾಗ ಭಾರವೆಲ್ಲ ಹಗ್ಗದ ಮೇಲಿರಲಿ, ಕೇಬಲ್ ಮೇಲೆ ಬೇಡ. ಎರಡು ಮೂರು ಮೀಟರಿಗೊಮ್ಮೆ ಪೈಪಿಗೆ ಕಟ್ಟಿ, ಜಾಯಿಂಟ್ ಇರುವಲ್ಲಿ ಮಾತ್ರ ಸ್ವಲ್ಪ ಸಡಿಲ ಬಿಡಿ. ಮೇಲೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ, ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡುತ್ತಿರಿ.