ಸೂಜಿ ಆಯ್ತು, ತೂಕ ನೋಡಿಸಿದಿರಾ?

ಆರೋಗ್ಯ ಕೇಂದ್ರಕ್ಕೆ ಮಗು ಎತ್ತಿಕೊಂಡು ಬಂದವರಿಗೆ ಸೂಜಿ ಹಾಕಿಸಿದರೆ ಮುಗಿಯಿತು. ತೂಕಕ್ಕೆ ಮಾತ್ರ 'ಮಗು ಅಳ್ತಿದೆ, ಮುಂದಿನ ಸಲ ನೋಡೋಣ ಬಿಡಿ ಸಿಸ್ಟರ್' ಅಂತ ಹೊರಟೇಬಿಡುತ್ತಾರೆ.

ಮೊದಲು ತಾಯಿ ಕಾರ್ಡ್ ಚೀಲಕ್ಕೆ ಹಾಕಿಕೊಳ್ಳಿ. ಲಸಿಕೆ ದಿನ ಹೆಚ್ಚಿನ ಕಡೆ ಗುರುವಾರ. ಆಶಾ ಅಕ್ಕನನ್ನು ಒಮ್ಮೆ ಕೇಳಿಬಿಡಿ. ಬೆಳಿಗ್ಗೆಯೇ ಹೋಗಿ. ದಡಾರ-ರುಬೆಲ್ಲಾ ಲಸಿಕೆ ಕಲಸಿದ ಮೇಲೆ 4 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯುತ್ತಾರೆ. ಮಧ್ಯಾಹ್ನ ಹೋಗಿ ಜಗಳ ಆಡಿ ಪ್ರಯೋಜನವಿಲ್ಲ.

ಇನ್ನು ತೂಕ. ಸ್ವೆಟರ್, ಕುಲಾವಿ, ಒದ್ದೆ ಡೈಪರ್, ಕಾಲಿನ ಬೆಳ್ಳಿ ಕಡಗ ಎಲ್ಲ ತೆಗೆಯಿರಿ. ನನ್ನ ಮಗಳನ್ನು ಒಂದು ಸಲ ಇಷ್ಟನ್ನೂ ಹಾಕಿಯೇ ತೂಗಿಸಿದ್ದೆ. ಮುಂದಿನ ತಿಂಗಳು ತೆಗೆದು ತೂಗಿಸಿದರೆ ಮಗು ಇಳಿದುಹೋಗಿತ್ತು! ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ತೂಗುಹಾಕುವ ತಕ್ಕಡಿಯಾದರೆ ಖಾಲಿ ಜೋಲಿಗೆ ಮುಳ್ಳು ಸೊನ್ನೆಯಲ್ಲಿದೆಯಾ ನೋಡಿ. ಇಲ್ಲದಿದ್ದರೆ ಸರಿ ಮಾಡಿ ಅಂತ ಹೇಳಿ, ಸಂಕೋಚ ಬೇಡ. ಮಗು ಒದ್ದಾಡುವಾಗ ಓದಬಾರದು. ಜೋಲಿ ಹಿಡಿದುಕೊಂಡು ನಿಲ್ಲಲೂಬಾರದು. ಅಮ್ಮ ಎತ್ತಿಕೊಂಡು ನಿಂತು ಆಮೇಲೆ ಅಮ್ಮನ ತೂಕ ಕಳೆಯುತ್ತಾರಲ್ಲ, ಮನೆಯ ಅಗ್ಗದ ಯಂತ್ರದಲ್ಲಿ ಆ ಲೆಕ್ಕ ನಂಬಬೇಡಿ. ಎಳೆ ಮಗುವಿಗೆ 200 ಗ್ರಾಂ ಹೆಚ್ಚುಕಮ್ಮಿ ಅಂದ್ರೆ ಸಣ್ಣ ಮಾತಲ್ಲ.

ತೂಗಿದ್ದಾಯಿತು, ಕಾರ್ಡಿನ ಗೆರೆಪಟದಲ್ಲಿ (ಗ್ರೋತ್ ಚಾರ್ಟ್) ಚುಕ್ಕೆ ಹಾಕಿಸಿ. ಗಂಡು, ಹೆಣ್ಣು ಮಕ್ಕಳಿಗೆ ಪಟ ಬೇರೆ ಬೇರೆ. ಒಂದು ಚುಕ್ಕೆ ನೋಡಿ ಏನೂ ಹೇಳಲಾಗದು, ಹಿಂದಿನವನ್ನು ಸೇರಿಸಿ ನೋಡಬೇಕು. 9 ತಿಂಗಳ ಹೆಣ್ಣುಮಗು 7 ಕೆಜಿ ಇದ್ದು, ಗೆರೆ ಮೊದಲಿಂದ ಸಮನಾಗಿ ಏರುತ್ತಾ ಬಂದಿದ್ದರೆ ಪಕ್ಕದ ಮನೆ ಗುಂಡಣ್ಣನ ಜೊತೆ ಹೋಲಿಸಬೇಡಿ. ಅದೇ ಮಗು ಎರಡು ತಿಂಗಳಿಂದ 7ರಲ್ಲೇ ನಿಂತಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ. ತೂಕ ಹೆಚ್ಚಿಸುವ ಡಬ್ಬಿ ಪುಡಿಗೆ ಸುಮ್ನೆ ದುಡ್ಡು ಸುರಿಯಬೇಡಿ. 6 ತಿಂಗಳವರೆಗೆ ಎದೆಹಾಲು ಸಾಕು, ಗ್ರೈಪ್ ವಾಟರೂ ಬೇಡ.

6 ತಿಂಗಳು ತುಂಬಿದ ಮಗುವಿಗೆ ತೋಳಿನ ಸುತ್ತಳತೆ ನೋಡುವ ಪಟ್ಟಿಯನ್ನೂ ಸುತ್ತಿಸಿ. 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಡಾಕ್ಟರಿಗೆ ತೋರಿಸಲು ತಡ ಮಾಡುವ ಹಾಗಿಲ್ಲ.

ಸೂಜಿ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಚುಚ್ಚಿದ ಜಾಗ ಉಜ್ಜಬೇಡಿ, ಅರಿಶಿನ ಹಚ್ಚಬೇಡಿ. ರಾತ್ರಿ ಜ್ವರ ಬಂದರೆ ಎಷ್ಟು ಔಷಧಿ ಅಂತ ಆಗಲೇ ಕೇಳಿಕೊಳ್ಳಿ. ಆ ಲೆಕ್ಕಕ್ಕೂ ಸಿಸ್ಟರ್ ನೋಡುವುದು ಇವತ್ತಿನ ತೂಕವನ್ನೇ.